ಎರಡು ಪತ್ರಿಕೆಗಳ ಚಂದಾದಾರ

“ಎರಡರಲ್ಲಿ ಒಂದನ್ನ ಇವತ್ತೇ ನಿಲ್ಲಿಸಿ. ಇಲ್ಲಾಂದ್ರೆ ಹನ್ನೆರಡು ವರ್ಷದ್ದೂ ರದ್ದಿಗೆ,” ಎಂದಳು ಹೆಂಡತಿ. ಮಂಚದ ಕೆಳಗೆ ಹಿಡಿಸದೆ ನಡುಮನೆಗೆ ಹರಿದಿದ್ದ ಸಂಗೀತ ಪತ್ರಿಕೆಗಳನ್ನು ಎಡವಿ ಅವಳು ಒಂದು ಪಾತ್ರೆ ಹಾಲು ಚೆಲ್ಲಿದ್ದಳು. ನೀರು ಸರಬರಾಜು ಆಫೀಸಿನ ಗುಮಾಸ್ತ ಹಾಲಿನಲ್ಲಿ ನೆನೆದ ಸಂಚಿಕೆಗಳನ್ನೆತ್ತಿ ಪಂಚೆಯಲ್ಲಿ ಒರೆಸಿದ. ಆ ಹನ್ನೆರಡು ವರ್ಷದ ಕಟ್ಟುಗಳೇ ಅವನ ಆಸ್ತಿ.

ಈ ತಿಂಗಳ ನೀಲಿ ಪತ್ರಿಕೆ, ಕೆಂಪು ಪತ್ರಿಕೆ ಎರಡನ್ನೂ ಚೀಲಕ್ಕೆ ತುರುಕಿಕೊಂಡು ಆಫೀಸಿಗೆ ನಡೆದ. ಅವನಿಗೆ ರಕ್ಷಾಪುಟದ ಬಣ್ಣವೇ ಹೆಸರು. ಹೋಲಿಸಿ ನೋಡಿ, ಸುಳ್ಳು ಬರೆದದ್ದನ್ನು ಬಿಡುವುದೆಂದು ತೀರ್ಮಾನವಾಗಿತ್ತು.

ಎರಡರಲ್ಲೂ ಒಂದೇ ಕೊಳಲು ವಾದನದ ವಿಮರ್ಶೆಯಿತ್ತು. ಕೊಳಲಿನಿಂದ ಜೇನು ಸುರಿಯಿತು, ಸಭಿಕರು ಕಣ್ಣೊರೆಸಿಕೊಂಡರು ಎಂದಿತ್ತು ನೀಲಿ. ಬರೀ ಗಾಳಿ ಬಂತು, ಸಭಿಕರು ಆಕಳಿಸಿದರು ಎಂದಿತ್ತು ಕೆಂಪು. ಗುಮಾಸ್ತ ತಲೆ ಚಚ್ಚಿಕೊಂಡ.

“ನೀಲಿದು ಇಟ್ಕೊಳ್ಳಿ ಸಾರ್. ಕಾಗದ ದಪ್ಪ, ಬೀರು ಒಳಗೆ ಹಾಸೋಕೆ ಚೆನ್ನಾಗಿರುತ್ತೆ,” ಎಂದಳು ಟೈಪಿಸ್ಟ್.

“ಕೆಂಪುದೇ ಇರಲಿ ಕಣಯ್ಯಾ, ಪದಬಂಧ ಬರುತ್ತೆ,” ಎಂದರು ಹೆಡ್ ಗುಮಾಸ್ತರು. ಅಷ್ಟರಲ್ಲಾಗಲೇ ಅದನ್ನು ಶಾಯಿಯಲ್ಲಿ ತುಂಬಿಯೂ ಆಗಿತ್ತು. ವಿಮರ್ಶೆ ಅದರ ಹಿಂಬದಿಯಲ್ಲೇ ಇದ್ದದ್ದರಿಂದ ಆಕಳಿಸಿದ ಸಭಿಕರ ಮೇಲೆಲ್ಲ ಶಾಯಿ ಇಳಿದಿತ್ತು. ಗುಮಾಸ್ತನಿಗೆ ಅಳು ಬಂತು.

ಕೊನೆಗೆ ಜವಾನ ಒಂದು ದಾರಿ ಹೇಳಿದ. ಕೊಳಲು ವಾದನವಿದ್ದ ಸಭಾಂಗಣದ ಕಾವಲುಗಾರ ಅವನ ಭಾವನಂತೆ. ಗುಮಾಸ್ತ ಊಟ ಬಿಟ್ಟು ಉರಿಬಿಸಿಲಲ್ಲಿ ಅಲ್ಲಿಗೆ ಓಡಿದ.

“ಕೊಳಲಾ? ಆ ವಿದ್ವಾಂಸರು ಬರಲೇ ಇಲ್ವಲ್ಲ ಸ್ವಾಮಿ,” ಎಂದ ಕಾವಲುಗಾರ. “ರೈಲು ತಪ್ಪಿತಂತೆ. ಬಂದ ಜನಾನ ನಾನೇ ವಾಪಸ್ ಕಳಿಸ್ದೆ.”

ಗುಮಾಸ್ತನ ಮೈಯೆಲ್ಲ ಉರಿದುಹೋಯಿತು. ಆಫೀಸಿಗೆ ಬಂದವನೇ ನೀಲಿ ಪತ್ರಿಕೆಯ ಸಂಪಾದಕರಿಗೆ ಫೋನ್ ಮಾಡಿ, ನಡೆಯದ ಕಾರ್ಯಕ್ರಮಕ್ಕೆ ಕಣ್ಣೊರೆಸಿಕೊಂಡವರ ಮಾನ ಹರಾಜು ಹಾಕಿ, ಚಂದಾ ರದ್ದು ಮಾಡಿಸಿದ. ಅವರು ಸಮಾಧಾನವಾಗಿ ಕೇಳಿಸಿಕೊಂಡರು.

“ಹನ್ನೆರಡು ವರ್ಷ ಓದಿದೀರಿ, ಇಷ್ಟು ಚೆನ್ನಾಗಿ ಬೈತೀರಿ. ಭಾನುವಾರದ ಪಿಟೀಲು ಕಾರ್ಯಕ್ರಮದ ವಿಮರ್ಶೆ ನೀವೇ ಬರೆದುಕೊಡಿ. ಶುಕ್ರವಾರ ಬೇಕು.”

“ಕಾರ್ಯಕ್ರಮ ಭಾನುವಾರ ಅಲ್ವಾ?”

“ಅಚ್ಚಿಗೆ ಹೋಗೋದು ಶನಿವಾರ. ನಿಮ್ಮ ಹೆಸರು ದಪ್ಪಕ್ಷರದಲ್ಲಿ ಹಾಕ್ತೀವಿ.”

ದಪ್ಪಕ್ಷರ ಎಂದೊಡನೆ ಗುಮಾಸ್ತನ ಕೋಪ ಎಲ್ಲೋ ಇಳಿದುಹೋಯಿತು. ಕೆಂಪಿನವರಿಗೂ ಅಷ್ಟೇ ಬೈದು ಚಂದಾ ನಿಲ್ಲಿಸಿದ. ಅವರೂ ಅದನ್ನೇ ಕೇಳಿದರು, ಸ್ವಲ್ಪ ಖಾರವಾಗಿರಲಿ ಎಂದರು. ಕೆಂಪಿಗೆ ಬೇರೆ ಹೆಸರಲ್ಲಿ ಬರೆದರಾಯಿತು ಎಂದುಕೊಂಡ.

ಸಂಜೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ನಿಲ್ಲಿಸಿದ್ರಾ?”

“ಎರಡರ ಚಂದಾನೂ ನಿಲ್ಲಿಸ್ದೆ ಕಣೇ.”

ಅವಳ ಮುಖ ಅರಳಿತು. ಹೋಗಲಿ, ಹಳೇದೆಲ್ಲ ಇಟ್ಕೊಳ್ಳಿ ಎಂದು ಕಾಫಿಯನ್ನೂ ತಂದುಕೊಟ್ಟಳು. ಗುಮಾಸ್ತ ಅಲ್ಲಿಗೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು.

“ಇನ್ನು ನಾನೇ ವಿಮರ್ಶಕ. ಬರೆಯೋರಿಗೆ ಗೌರವ ಪ್ರತಿ ಕಳಿಸ್ತಾರೆ,” ಎಂದ. “ಒಂದೊಂದರದೂ ಎರಡೆರಡು.”

“ಅಂದ್ರೆ ತಿಂಗಳಿಗೆ ನಾಲ್ಕು,” ಎನ್ನುತ್ತಾ ಹೆಂಡತಿ ಸೆರಗು ಬಿಗಿದು ಕೂತು, ಮಂಚದ ಕೆಳಗಿನಿಂದ ಮೊದಲನೇ ವರ್ಷದ ಕಟ್ಟನ್ನು ಹೊರಗೆಳೆದಳು.