ಇಸ್ಪೀಟು ಗುಲಾಮನ ನಮಸ್ಕಾರ

"ಮುಟ್ಬೇಡಿ ಮೇಷ್ಟ್ರೇ, ಸುಡತ್ತೆ!"

ನಾಗಭೂಷಣ ಮೇಷ್ಟ್ರು ಮುಟ್ಟಲು ಹೋಗಿರಲಿಲ್ಲ. ಮೂಸಿ ನೋಡುತ್ತಿದ್ದರು, ಅಷ್ಟೆ. ಎರಡು ಇಸ್ತ್ರಿಪೆಟ್ಟಿಗೆ, ಒಂದು ಕುಕ್ಕರ್ ಮುಚ್ಚಳ, ಸ್ಕೂಟರಿನ ಬ್ಯಾಟರಿ ಎಲ್ಲ ಸೇರಿಸಿ ಕಟ್ಟಿದ ಯಂತ್ರವನ್ನು ಯಾರು ತಾನೇ ನಂಬುತ್ತಾರೆ? ಅದರಲ್ಲೂ ಕಟ್ಟಿದವನು ಚಂದ್ರಮೌಳಿ! ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದು ರಿಟೈರಾದ ಈ ಮಹಾಶಯನ ದೋಸೆ ಮಗುಚುವ ಯಂತ್ರ, ದೋಸೆಯನ್ನು ಪಕ್ಕದ ಮನೆಯ ಹೆಂಚಿನ ಮೇಲೆ ಮಗುಚಿತ್ತು.

"ಬಗ್ಗಿದ ಇಸ್ಪೀಟೆಲೆ ನೇರ ಮಾಡೋ ಯಂತ್ರ!" ಎಂದು ಚಂದ್ರಮೌಳಿ ಎದೆಯುಬ್ಬಿಸಿದ.

ಮೇಷ್ಟ್ರ ಎದೆ ಧಸಕ್ಕೆಂದಿತು. ಅದಕ್ಕೆ ಕಾರಣವಿತ್ತು.

ಭದ್ರಾವತಿಯ ಹಳೇ ಕ್ವಾರ್ಟರ್ಸಿನಲ್ಲಿ ಚಂದ್ರಮೌಳಿಯ ಮನೆಯ ಈ ಜಗಲಿಯಲ್ಲಿ ದಿನಾ ಸಂಜೆ ನಾಲ್ಕಕ್ಕೆ ಇಪ್ಪತ್ತೆಂಟರ ಇಸ್ಪೀಟಾಟ. ಗಂಡ ಹೆಂಡತಿ ಒಂದೇ ಜೋಡಿಯಾಗಕೂಡದು ಎಂಬುದು ಇಲ್ಲಿನ ಕಾನೂನು. ಆದ್ದರಿಂದ ಚಂದ್ರಮೌಳಿಯ ಹೆಂಡತಿ ಕಾತ್ಯಾಯಿನಿ ಮೇಷ್ಟ್ರ ಜೋಡಿ, ಚಂದ್ರಮೌಳಿಗೆ ಎದುರುಮನೆಯ ಲೂಯಿಸಣ್ಣ ಜೋಡಿ. ಸೋತ ಜೋಡಿಯಲ್ಲಿ ಕೆಟ್ಟದಾಗಿ ಆಡಿದವರು ಬೋಂಡ ತರಬೇಕು. ಯಾವಾಗಲೂ ತರುತ್ತಿದ್ದವನು ಚಂದ್ರಮೌಳಿಯೇ.

ಏಳು ವರ್ಷದ ಹಿಂದೆ, ಬೋಂಡದ ಎಣ್ಣೆ ಮೆತ್ತಿತೆಂದು ಕಾತ್ಯಾಯಿನಿ ಪ್ಲಾಸ್ಟಿಕ್ ಎಲೆಗಳನ್ನೆಲ್ಲ ಸೋಪುನೀರಲ್ಲಿ ತೊಳೆದು, ತಾರಸಿಯ ಮೇಲೆ ಸಂಡಿಗೆಯ ಪಕ್ಕದಲ್ಲೇ ಬಿಸಿಲಿಗೆ ಹರವಿಬಿಟ್ಟಿದ್ದರು. ನೆರಳಲ್ಲಿ ಒಣಗಿಸಬೇಕಾದ್ದು! ಒಂದೊಂದು ಎಲೆ ಒಂದೊಂದು ಥರ ಸೊಟ್ಟಗಾಯಿತು. ಇಸ್ಪೀಟು ಗುಲಾಮನ ಎಡಮೂಲೆ ಚೂರೇ ಚೂರು ಮೇಲೆದ್ದಿತು. ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು. ಅವನು ಯಾರ ಕೈಯಲ್ಲಿದ್ದಾನೆಂದು ಮೇಷ್ಟ್ರು ಎಲೆಯ ಬೆನ್ನು ನೋಡಿಯೇ ಹೇಳಬಲ್ಲರು. ಅದರ ದಯೆಯಿಂದ ಅವರಿಗೆ ಇಡೀ ಕ್ವಾರ್ಟರ್ಸಿನಲ್ಲಿ 'ಇಪ್ಪತ್ತೆಂಟರ ಚಾಣಕ್ಯ' ಎಂಬ ಹೆಸರು. ಎಲೆ ನೇರವಾದರೆ ಆ ಹೆಸರು ಮಣ್ಣುಪಾಲು!

'ಇವನಿಗೆ ಗೊತ್ತಾಗಿದೆ. ಗೊತ್ತಾಗೇ ಯಂತ್ರ ಮಾಡಿದ್ದಾನೆ' ಎಂದುಕೊಂಡ ಮೇಷ್ಟ್ರು ಕಣ್ಣು ಕಿರಿದು ಮಾಡಿದರು.

"ಯಾಕೋ ಮೌಳಿ, ಇದ್ದಕ್ಕಿದ್ದ ಹಾಗೆ?"

"ಎಲೆ ಕಲಸಕ್ಕೇ ಆಗ್ತಿಲ್ವಲ್ಲ ಮೇಷ್ಟ್ರೇ!"

"ಸೊಟ್ಟಗಿದ್ರೇನ್ರೀ ಗಂಟು ಹೋಗೋದು? ಆಡ್ತಿಲ್ವಾ?" ಎಂದು ಕಾತ್ಯಾಯಿನಿ ಸಿಡುಕಿದರು.

"ಹೌದಪ್ಪ, ಸುಟ್ಟುಗಿಟ್ಟು ಹೋದಾವು, ಬೇಡ," ಎಂದ ಲೂಯಿಸಣ್ಣ.

ಇವರಿಗೇನು ಸಂಕಟ? ಮೇಷ್ಟ್ರಿಗೆ ಈಗ ಅವರಿಬ್ಬರ ಮೇಲೂ ಅನುಮಾನ ಬಂತು.

"ನಾನು ಒತ್ತಿ ನೇರ ಮಾಡಲ್ಲ. ಪ್ಲಾಸ್ಟಿಕ್ಕಿಗೂ ನೆನಪಿರತ್ತೆ! ಅದನ್ನ ಎಬ್ಬಿಸಿದ್ರೆ ಹುಟ್ಟಿದಾಗ ಹೆಂಗಿದ್ವೋ ಹಂಗೇ ಆಗ್ತವೆ," ಎನ್ನುತ್ತ ಚಂದ್ರಮೌಳಿ ಆಠೀನಿನ ಎರಡನ್ನು ಒಳಗೆ ತುರುಕಿದ. ಇಪ್ಪತ್ತೆಂಟರಲ್ಲಿ ಬಳಸದ, ಯಾರೂ ಮುಟ್ಟದ ಎಲೆ ಅದು. ಯಂತ್ರ ಗೊರಗೊರ ಎಂದಿತು, ಒಂದು ವಿಶಲ್ ಹಾಕಿತು. ಎಲೆ ಗಾಜಿನ ಹಾಗೆ ಚಪ್ಪಟೆಯಾಗಿ ಹೊರಬಂತು!

"ಇನ್ನು ಪೂರ್ತಿ ಕಟ್ಟು!"

ಅಷ್ಟರಲ್ಲಿ ಮೇಷ್ಟ್ರು ಇಸ್ಪೀಟು ಗುಲಾಮನನ್ನು ಮೆಲ್ಲಗೆ ತೊಡೆಯಡಿ ಸೇರಿಸಿದ್ದರು. ಚಂದ್ರಮೌಳಿ ಎಣಿಸಿದ. ಒಂದು ಕಡಿಮೆ! ಚಾಪೆ ಕೊಡವಿದರು. ಲೂಯಿಸಣ್ಣನ ಜೇಬು ತಡವಿದರು.

"ಮೇಷ್ಟ್ರೇ, ಸ್ವಲ್ಪ ಏಳಿ," ಎಂದರು ಕಾತ್ಯಾಯಿನಿ.

"ಅರೆ! ಇಲ್ಲೇ ಬಿದ್ದಿತ್ತಲ್ಲ!"

ಮೂವರೂ ನೋಡಿದ ರೀತಿ ಮೇಷ್ಟ್ರಿಗೆ ಹಿಡಿಸಲಿಲ್ಲ.

ಏಳು ವಿಶಲ್ ಆದ ಮೇಲೆ ಎಲೆಗಳು ಹೊಚ್ಚಹೊಸದಾಗಿ ಬಂದವು. ಲೂಯಿಸಣ್ಣ ಹಂಚಿದ. ಮೇಷ್ಟ್ರು ಎಲ್ಲರ ಎಲೆಗಳ ಬೆನ್ನನ್ನೂ ನೋಡಿದರು. ಎಲ್ಲ ಒಂದೇ ಥರ! ಸೋಲು ಖಚಿತವೆಂದು ನಿಟ್ಟುಸಿರು ಬಿಟ್ಟು ತಮ್ಮ ಎಲೆಗೆ ಕೈ ಚಾಚಿದರು.

ಚಂದ್ರಮೌಳಿಯ ಮುಂದೆ ಬೋರಲು ಬಿದ್ದಿದ್ದ ಒಂದು ಎಲೆ ತಟ್ಟನೆ ಎದ್ದು ನಿಂತಿತು! ನಡು ಬಗ್ಗಿಸಿ, ಮೇಷ್ಟ್ರ ಕಡೆಗೆ ನಮಸ್ಕಾರ ಮಾಡಿತು! ಇಸ್ಪೀಟು ಗುಲಾಮ!

"ಗಾಳಿ, ಗಾಳಿ!" ಎಂದರು ಮೇಷ್ಟ್ರು.

ಫ್ಯಾನ್ ಆರಿಸಿದರು. ಗುಲಾಮ ಮತ್ತೆ ಬಗ್ಗಿದ. ಮೇಷ್ಟ್ರು ಎದ್ದು ಕಂಬದ ಹಿಂದೆ ನಿಂತರು. ಗುಲಾಮ ಸರ್ರನೆ ತಿರುಗಿ ಕಂಬಕ್ಕೂ ನಮಸ್ಕಾರ ಹೊಡೆದ!

ಚಂದ್ರಮೌಳಿ ತಲೆ ಕೆರೆದುಕೊಂಡ. "ನೆನಪು ಸ್ವಲ್ಪ ಜಾಸ್ತಿನೇ ಎದ್ದಿದೆ. ತನ್ನ ಬೆನ್ನನ್ನ ಯಾರು ಗುರುತಿಟ್ಟು ನೋಡ್ತಿದ್ರೋ ಅವರನ್ನ ಮರೆತಿಲ್ಲ ಅನ್ಸತ್ತೆ. ಮೇಷ್ಟ್ರೇ... ನೀವಾ?"

ಮೇಷ್ಟ್ರಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮೂವತ್ತಾರು ವರ್ಷ ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದ ಬಾಯಿ! ಆದರೂ ಒಬ್ಬರೇ ಮುಳುಗಲು ಮನಸ್ಸಾಗಲಿಲ್ಲ. "ನಾನೊಬ್ನೇನಾ? ಎಲ್ಲರೂ ಕೈ ಚಾಚಿ ನೋಡೋಣ!"

"ನನಗೆ ಒಲೆ ಮೇಲೆ ಹಾಲಿದೆ," ಎಂದು ಕಾತ್ಯಾಯಿನಿ ಏಳುವಷ್ಟರಲ್ಲಿ ಡೈಮಂಡ್ ಗುಲಾಮ, ಆಠೀನು ಗುಲಾಮ, ಎರಡು ಎಕ್ಕ ಸಾಲಾಗಿ ಎದ್ದು ಆಕೆಯ ಸೆರಗಿಗೆ ತಲೆಬಾಗಿದವು. ಲೂಯಿಸಣ್ಣ ಕೈಯನ್ನು ಬೆನ್ನಹಿಂದೆ ಬಚ್ಚಿಟ್ಟಿದ್ದ. ಕಳಾವರ ಒಂಬತ್ತು ಕುಪ್ಪಳಿಸುತ್ತ ಅವನ ಹಿಂದಕ್ಕೇ ಹೋಗಿ ಬಗ್ಗಿತು.

ಕೊನೆಗೆ ಚಂದ್ರಮೌಳಿ ಎರಡೂ ಕೈ ಚಾಚಿದ. ಒಂದು ಎಲೆಯೂ ಮಿಸುಕಲಿಲ್ಲ.

"ಅಂದ್ರೆ... ಏಳು ವರ್ಷದಿಂದ ನಾನೊಬ್ನೇ ಆಟ ಆಡ್ತಿದ್ದದ್ದಾ?" ಅವನ ದನಿ ಸಣ್ಣಗಾಗಿತ್ತು.

ಮರುದಿನ ನಾಲ್ಕಕ್ಕೆ ಜಗಲಿಯಲ್ಲಿ ಮೂರು ಪೊಟ್ಟಣ ಬೋಂಡ ಬಂದು ಕೂತಿತ್ತು. ಹಳೇ ಕಟ್ಟು ಗಾಜಿನ ಬೀರುವಿನಲ್ಲಿತ್ತು. ಮೇಷ್ಟ್ರು ತಮ್ಮ ಪೊಟ್ಟಣ ಹಿಡಿದು ಗೇಟು ತೆಗೆದದ್ದೇ ತಡ, ಒಳಗಿನಿಂದ ಗುಲಾಮ ಎದ್ದು ನಮಸ್ಕರಿಸಿದ್ದ. ಲೂಯಿಸಣ್ಣ ಹೊಸ ಕಟ್ಟು ಒಡೆದ. ಒಂದು ಎಲೆಗೂ ಗುರುತಿಲ್ಲದ ಆಟ ಕತ್ತಲಾಗುವವರೆಗೆ ನಡೆಯಿತು.

ಚಂದ್ರಮೌಳಿ ಸೋತ.

"ಆಹಾ, ಇವತ್ತು ನ್ಯಾಯವಾಗಿ ಸೋತೆ!" ಎಂದು ಖುಷಿಯಿಂದ ಚೀಲ ಹಿಡಿದು, ನಾಲ್ಕನೇ ಪೊಟ್ಟಣ ತರಲು ಹೊರಟ.