ಎಕ್ಸ್‌ರೇಗೆ ಕಾಣದ ಕಲ್ಲು ಮತ್ತು ನನ್ನ ಫೈಲು

ಫೈಲು ಹಿಡಿದು ಬರುವ ಹೆಂಗಸರೆಂದರೆ ಆಸ್ಪತ್ರೆಯವರಿಗೆ ಆಗದು. ಫೈಲಿಲ್ಲದೆ ಆಸ್ಪತ್ರೆಯ ಮೆಟ್ಟಿಲು ಹತ್ತಿದವಳು ನಾನಲ್ಲ. ಹಾಗಾಗಿ ನನಗೆ ಇಂಥವು ಆಗುತ್ತಲೇ ಇರುತ್ತವೆ.

೧. ಟ್ಯಾಕ್ಸಿಯಲ್ಲಿ

ನನ್ನ ಕಿಡ್ನಿಯ ಕಲ್ಲನ್ನು ಹೊರಗಿನಿಂದಲೇ ಶಾಕ್‌ವೇವ್ ಹೊಡೆದು ಪುಡಿ ಮಾಡುವುದೆಂದಾಯಿತು. ಅದೂ ಆಗದಿದ್ದರೆ ಆಪರೇಷನ್. ಚೆಂಬೂರಿನಲ್ಲಿ ಟ್ಯಾಕ್ಸಿ ಹತ್ತುವಾಗ ನನ್ನ ದಪ್ಪ ಫೈಲು ನೋಡಿ ನಮ್ಮವರು, "ಕೊನೆಯ ರಿಪೋರ್ಟ್ ಒಂದು ಸಾಕಲ್ಲ ಮಾರಾಯ್ತಿ," ಎಂದರು.

"ನಾನು ಕೆಮಿಸ್ಟ್ರಿ ಓದಿದವಳು. ಒಂದೇ ರೀಡಿಂಗ್ ನಂಬುವುದಿಲ್ಲ."

"ನಲವತ್ತು ವರ್ಷದ ನನ್ನ ರೀಡಿಂಗೂ ಅದರಲ್ಲಿ ಉಂಟಾ?"

"ನಿಮ್ಮದು ಬೇರೆ ಫೈಲು."



೨. ಇಲ್ಲದ ಕಲ್ಲು

ನೋವಿಗೆ ಬಗ್ಗಲಾಗದೆ, ಆಸ್ಪತ್ರೆಯ ಪೈಜಾಮದ ಲಾಡಿಯನ್ನು ನಮ್ಮವರಿಂದಲೇ ಕಟ್ಟಿಸಿಕೊಂಡು ಮೇಜಿನ ಮೇಲೆ ಮಲಗಿದೆ. ಟೆಕ್ನಿಶಿಯನ್ ಎಕ್ಸ್‌ರೇ ಸ್ಕ್ರೀನ್ ನೋಡಿ, "ಆಂಟಿ, ಸ್ಟೋನ್ ಹೈ ಹೀ ನಹೀಂ. ನಿಕಲ್ ಗಯಾ," ಎಂದ.

"ಹೊರಗೆ ಹೋಗಿದ್ದರೆ ಇಡೀ ಬಿಲ್ಡಿಂಗಿಗೆ ಗೊತ್ತಾಗುವ ಹಾಗೆ ಕಿರುಚುತ್ತಿದ್ದೆ," ಎಂದು ಎದ್ದು ಕೂತು ಫೈಲು ತೆರೆದೆ. ಮೂರು ವರ್ಷದಿಂದ ನನ್ನ ಕೈಬರಹದಲ್ಲಿ ಒಂದೇ ಮಾತು: ಎಕ್ಸ್‌ರೇ, ಇಲ್ಲ. ಸೋನೋಗ್ರಫಿ, ಇದೆ. "ಇದು ಯೂರಿಕ್ ಆಸಿಡ್ ಕಲ್ಲು. ಎಕ್ಸ್‌ರೇಗೆ ಕಾಣುವ ಜಾತಿಯಲ್ಲ. ಸೋನೋಗ್ರಫಿ ಹಚ್ಚಿ ಗುರಿ ಹಿಡಿಯಿರಿ."

ಇಲ್ಲಿ ಎಕ್ಸ್‌ರೇಯಲ್ಲೇ ಮಾಡುವುದು ಎಂದ. ಡಾಕ್ಟರ್ ಬರಲಿ ಎಂದೆ. ಕಲ್ಲು ಕೆಳಗೆ ಜಾರಿರಬಹುದು, ಒಮ್ಮೆ ನೋಡುತ್ತೇನೆ ಎಂದ.

"ನೋಡಿ. ನೋಡುವುದಕ್ಕೆ ಅಡ್ಡಿಯಿಲ್ಲ. ಹೊಡೆಯುವುದಕ್ಕೆ ಇದೆ."

೩. ಸಿಕ್ಕ ಕಲ್ಲು

ಡಾಕ್ಟರ್ ಒಳಗೆ ಬರುವುದಕ್ಕೂ ಟೆಕ್ನಿಶಿಯನ್ "ಮಿಲ್ ಗಯಾ" ಎನ್ನುವುದಕ್ಕೂ ಸರಿಹೋಯಿತು. ಸ್ಕ್ರೀನಿನಲ್ಲಿ ಸೊಂಟದ ಹತ್ತಿರ ಏನೋ ಬೆಳ್ಳಗೆ ಹೊಳೆಯುತ್ತಿತ್ತು.

"ಎಷ್ಟುದ್ದ?" ಎಂದು ಕೇಳಿದೆ.

"ಇಪ್ಪತ್ತು ಮಿಲಿಮೀಟರ್."

"ನನ್ನದು ಹನ್ನೊಂದು. ಅದು ನನ್ನ ಕಲ್ಲಲ್ಲ."

ಡಾಕ್ಟರ್ ಸ್ಕ್ರೀನಿಗೆ ಮುಖ ಹತ್ತಿರ ತಂದರು. "ಹೌದಮ್ಮ. ಕಲ್ಲಿಗೆ ಕೊಂಡಿ ಇರುವುದಿಲ್ಲ."

ಪೈಜಾಮದ ಲಾಡಿಗೆ ಕಪ್ಪು ದಾರದಲ್ಲಿ ಬಿಗಿದ ತಾಯಿತ. ತಾಯಿತ ಕಟ್ಟುವವರನ್ನೆಲ್ಲ ಜೀವನವಿಡೀ ಗೇಲಿ ಮಾಡಿದ ನಮ್ಮವರು ಬಾಗಿಲಲ್ಲಿ ನೆಲ ನೋಡುತ್ತಿದ್ದರು. "ನಿನ್ನ ಫೈಲಿನ ಜೊತೆಗೆ ಇದೂ ಒಂದು ಇರಲಿ ಅಂತ..."

ಡಾಕ್ಟರ್ ತಾಯಿತ ಬಿಚ್ಚಿಸಿ, ಬೆನ್ನಿಗೆ ಜೆಲ್ ಹಚ್ಚಿ ಸೋನೋಗ್ರಫಿ ಹಿಡಿದರು. ಫೈಲಿನಲ್ಲಿ ಹೇಳಿದ ಜಾಗದಲ್ಲೇ ಕಲ್ಲು ಕೂತಿತ್ತು. ಅಲ್ಲಿಗೇ ಹೊಡೆದರು. ಕೆಲವು ವಾರಗಳಲ್ಲಿ ಪುಡಿಯಾಗಿ ಹೋಯಿತು, ಆಪರೇಷನ್ ತಪ್ಪಿತು.

"ನೋಡಿದೆಯಾ, ತಾಯಿತದ ಶಕ್ತಿ," ಎಂದರು ನಮ್ಮವರು.

ನಾನು ಫೈಲು ತೆರೆದು ಕೊನೆಯ ಸಾಲು ಬರೆದೆ: ಸೋನೋಗ್ರಫಿ, ಕಲ್ಲು ಇಲ್ಲ. ಎಕ್ಸ್‌ರೇ, ಗಂಡನ ಭಕ್ತಿ, ಇಪ್ಪತ್ತು ಮಿಲಿಮೀಟರ್.