ಎಕ್ಸ್‌ಟ್ರೀಮ್ಲಿ ಹಲ್ಲುನೋವು

ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗಿ ಹೇಳುವುದೇ ಅವರ ಕೆಲಸ. ಎಲ್ಲರೂ ಅವರನ್ನು ಕಂಚಿನ ಕಂಠದವರು ಎಂದೇ ಕರೆಯುತ್ತಿದ್ದರು. ಅಂಥವರ ದವಡೆ ಹಲ್ಲು ಅವತ್ತು ಕೈಕೊಟ್ಟಿತು. ಕೆನ್ನೆ ಬನ್ನಿನಂತೆ ಊದಿಕೊಂಡಿತು. ಅವರು ಕೂಗಿದ್ದು ಯಾರಿಗೂ ಅರ್ಥವಾಗದೆ ಅರ್ಧ ಬಸ್ಸಿನ ಜನ ಕೆಳಗೇ ಉಳಿದರು.

"ನಾಳೆ ಬಾಯಿ ನೆಟ್ಟಗಿದ್ರೆ ಮೈಕು ನಿಮ್ದು. ಇಲ್ಲಾಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದರು ಮೇಲಧಿಕಾರಿ.

"ಇವತ್ತು ಈ ಹಲ್ಲು ಕೀಳಿಸದೆ ಮನೆಗೆ ಬರೋದಿಲ್ಲ ಕಣೇ" ಎಂದು ಹೆಂಡತಿಗೆ ಹೇಳಿ ಹೊರಟರೆ, ಗೇಟಿನಲ್ಲೇ ಪಕ್ಕದ ಮನೆಯ ಇಂಗ್ಲಿಷ್ ಮೇಷ್ಟ್ರು ಅಡ್ಡ ನಿಂತರು.

"ಕ್ಲಿನಿಕ್ಕಲ್ಲಿ ಏನಂತ ಹೇಳ್ತೀರಿ?"

"ನೋವು ಅಂತೀನಿ."

"ಕೆಟ್ರಿ! ಬರೀ ನೋವು ಅಂದ್ರೆ ಯಾರ್ರೀ ಕೇಳ್ತಾರೆ? 'ವೆರಿ' ಅನ್ನೋದೂ ಸವೆದ ಚಪ್ಪಲಿ ಆಗ್ಹೋಗಿದೆ. 'ಎಕ್ಸ್‌ಟ್ರೀಮ್ಲಿ' ಅನ್ನಿ. ಅದಕ್ಕಿಂತ ಮೇಲೆ ಮೆಟ್ಟಿಲೇ ಇಲ್ಲ. ಸೀದಾ ಒಳಗೆ ಬಿಡ್ತಾರೆ!"

ಊದಿದ ಬಾಯಲ್ಲಿ ಆ ಪದ ಹೊರಡಬೇಕಲ್ಲ! ದಾರಿಯುದ್ದಕ್ಕೂ ಅಭ್ಯಾಸ ನಡೆಯಿತು. ಒಮ್ಮೆ ನಾಲಿಗೆ ಕಚ್ಚಿಕೊಂಡರು. ಇನ್ನೊಮ್ಮೆ ಎದುರು ಬಂದ ಹೆಂಗಸು ತನಗೇ ಬೈದರೆಂದು ತಿರುಗಿ ಬೈದಳು. ಪುಣ್ಯಾತ್ಮ ಬಿಡಲಿಲ್ಲ.

ಕ್ಲಿನಿಕ್ಕಿನ ಬೆಂಚು ತುಂಬಿತ್ತು. "ಏನಾಗಿದೆ ಸಾರ್?" ಎಂದಳು ಕೌಂಟರಿನ ಹುಡುಗಿ.

ಕಂಠದವರು ಉಸಿರೆಳೆದುಕೊಂಡರು. "ಎಕ್ಸ್... ಟ್ರೀಮ್ಲಿ ನೋವು!"

ಹುಡುಗಿ ದಡಕ್ಕನೆ ಎದ್ದು, ಕೈಹಿಡಿದು ಒಳಕೋಣೆಗೆ ಕರೆದೊಯ್ದಳು. ಮೆತ್ತನೆಯ ಕುರ್ಚಿ, ತಲೆ ಮೇಲೆ ಫ್ಯಾನು. ಮೇಷ್ಟ್ರ ಬಾಯಿಗೆ ಸಕ್ಕರೆ ಹಾಕಬೇಕು ಅಂದುಕೊಂಡರು.

ಹೊರಗಿದ್ದವರು ಒಬ್ಬೊಬ್ಬರಾಗಿ ಡಾಕ್ಟರ ಹತ್ತಿರ ಹೋಗಿ, ಹತ್ತಿ ಕಚ್ಚಿಕೊಂಡು ನಗುತ್ತಾ ಮನೆಗೆ ಹೋದರು. ಬೆಂಚು ಖಾಲಿಯಾಯಿತು. ಇವರನ್ನು ಕರೆಯುವವರೇ ಇಲ್ಲ.

"ಏನಮ್ಮಾ, ನನ್ನ ಸರದಿ?"

"ಎಕ್ಸ್‌ಟ್ರೀಮ್ಲಿ ಅಂದೋರನ್ನ ಇಲ್ಲಿನ ಡಾಕ್ಟ್ರು ಮುಟ್ಟಲ್ಲ ಸಾರ್. ದೊಡ್ಡ ಡಾಕ್ಟ್ರೇ ಬರ್ಬೇಕು. ಅವರು ಬರೋದು ಮುಂದಿನ ವಾರ."

ಕಂಠದವರು ಮೆತ್ತನೆಯ ಕುರ್ಚಿಯಿಂದ ಜಿಗಿದೆದ್ದರು. "ಅಯ್ಯಯ್ಯೋ, ಅಷ್ಟೊಂದೇನಿಲ್ಲ ತಾಯಿ! ಸ್ವಲ್ಪ, ಸ್ವಲ್ಪವೇ ನೋವು!"

"ಅಷ್ಟೇನಾ? ಮೊದಲೇ ಹೇಳ್ಬಾರ್ದಾ! ಸ್ವಲ್ಪ ನೋವಿಗೆಲ್ಲ ಡಾಕ್ಟ್ರು ಯಾಕೆ? ಮನೆಗೆ ಹೋಗಿ ಉಪ್ಪುನೀರು ಮುಕ್ಕಳಿಸಿ."

"ಅಮ್ಮಾ, ನಿನ್ನ ದಮ್ಮಯ್ಯ! ಹೆಚ್ಚೂ ಬೇಡ, ಕಮ್ಮೀನೂ ಬೇಡ. ಬರೀ ನೋವು ಅಂತ ಬರ್ಕೋ!"

ಹುಡುಗಿ ಪಾಪ ಎನ್ನುವಂತೆ ನೋಡಿ, ದೀಪ ಆರಿಸಿದಳು.

"ಬರೀ ನೋವಿನೋರನ್ನ ನೋಡೋ ಡಾಕ್ಟ್ರು ಈಗಷ್ಟೇ ಮನೆಗೆ ಹೋದ್ರಲ್ಲ ಸಾರ್."